ಎರಡನೇ ಬಟ್ಟಲು

ಶುಂಠಿ ಚಹಾ ಮಾಡುವಾಗ ಹಾಲು ಒಡೆದರೆ ಮೊದಲ ಬೈಗುಳ ಹಾಲಿನವನಿಗೆ. ಹಳೆಯ ಹಾಲು ಕೊಟ್ಟಿದ್ದಾನೆ, ಏನೋ ಬೆರೆಸಿದ್ದಾನೆ ಎಂದು ಶುರುವಾಗುತ್ತದೆ. ಅಡುಗೆಯಲ್ಲಿ ಪಳಗಿದವರು ಮಾತ್ರ ಯಾರನ್ನೂ ಬೈಯದೆ ಕ್ರಮ ಬದಲಿಸುತ್ತಾರೆ. ಜಜ್ಜಿದ ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸುತ್ತಾರೆ, ಹಾಲು ಆಮೇಲೆ. ಆಗ ಒಡೆಯುವುದಿಲ್ಲ. ಯಾಕೆ ಎಂದು ಮನೆಯ ಮಗು ಕೇಳಿದರೆ 'ಹಾಗೇ ಮಾಡೋದು' ಎಂಬ ಉತ್ತರ ಸಿಗುತ್ತದೆ. ಆ ಮಗುವಿಗೆ ಅಲ್ಲೇ, ಆ ಒಲೆಯ ಮುಂದೆಯೇ, ಪಿಯುಸಿವರೆಗೆ ಕಾಯದೆ ಜೀವರಸಾಯನಶಾಸ್ತ್ರದ ಮೊದಲ ಪಾಠ ಮಾಡಬಹುದಿತ್ತು.

ಹಸಿ ಶುಂಠಿಯ ರಸದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನು ಬಹಳ ಸಣ್ಣ ಕಣಗಳಾಗಿ ಒಂದಕ್ಕೊಂದು ಅಂಟದೆ ತೇಲುತ್ತಿರುತ್ತದೆ. ಅಂಟದಂತೆ ಕಾಯುವ ಹೊರಪದರವನ್ನು ಶುಂಠಿಯ ಕಿಣ್ವ ಕತ್ತರಿಸಿ ಹಾಕಿದಾಗ ಕಣಗಳು ಒಟ್ಟುಗೂಡಿ ಹಾಲು ಗಟ್ಟಿಯಾಗುತ್ತದೆ. ನಮಗೆ ಇದು ಚಹಾ ಕೆಟ್ಟ ಕಥೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದವರಿಗೆ ಇದೇ ಒಂದು ಸಿಹಿತಿಂಡಿ. ಸಕ್ಕರೆ ಬೆರೆಸಿದ ಬಿಸಿ ಹಾಲನ್ನು ಶುಂಠಿ ರಸದ ಮೇಲೆ ಸುರಿದು, ಅಲುಗಾಡಿಸದೆ ಬಿಟ್ಟು, ಹೆಪ್ಪಾದ ಮೇಲೆ ಚಮಚದಲ್ಲಿ ತಿನ್ನುತ್ತಾರೆ. ಹಾಲು ಕುದಿಯುತ್ತಿರಬಾರದು, ತಣ್ಣಗೂ ಇರಬಾರದು. 60ರಿಂದ 70 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇದ್ದರೆ ಹೆಪ್ಪು ಚೆನ್ನಾಗಿ ಕೂರುತ್ತದೆ. ಕುದಿಸಿ ಇಳಿಸಿ ಸ್ವಲ್ಪ ಹೊತ್ತು ಬಿಟ್ಟ ಹಾಲು ಎಂದುಕೊಳ್ಳಿ.

ಈಗ ಪಾಠ. ಎರಡು ಬಟ್ಟಲು ಇಡಿ. ಒಂದರಲ್ಲಿ ಎರಡು ಚಮಚ ಹಸಿ ಶುಂಠಿ ರಸ, ಇನ್ನೊಂದರಲ್ಲಿ ಅಷ್ಟೇ ರಸ, ಆದರೆ ಕುದಿಸಿ ಆರಿಸಿದ್ದು. ಒಂದೇ ಪಾತ್ರೆಯ ಬಿಸಿ ಹಾಲನ್ನು ಎರಡಕ್ಕೂ ಸಮನಾಗಿ ಸುರಿಯಿರಿ. ಮೊದಲನೆಯದು ಹೆಪ್ಪುಗಟ್ಟುತ್ತದೆ, ಎರಡನೆಯದು ಹಾಲಾಗಿಯೇ ಉಳಿಯುತ್ತದೆ. ಶುಂಠಿ ಅದೇ, ಹಾಲು ಅದೇ, ಬದಲಾದದ್ದು ಕುದಿತ ಒಂದೇ. ಕುದಿತ ಏನನ್ನು ಹಾಳು ಮಾಡಿತು? ಕಿಣ್ವವನ್ನು. ಕಿಣ್ವವೂ ಒಂದು ಪ್ರೋಟೀನೇ. ಉದ್ದನೆಯ ಸರಪಳಿಯೊಂದು ನಿರ್ದಿಷ್ಟವಾಗಿ ಮಡಚಿಕೊಂಡು ಆದ ಆಕಾರ. ಆ ಆಕಾರದಲ್ಲಿರುವ ಒಂದು ಸಂದಿನಲ್ಲೇ ಅದರ ಕೆಲಸವೆಲ್ಲ. ಬಿಸಿ ಹೆಚ್ಚಾದರೆ ಮಡಿಕೆ ಬಿಚ್ಚಿಹೋಗುತ್ತದೆ. ಹೆಣೆದ ಬುಟ್ಟಿಯನ್ನು ಬಿಚ್ಚಿದರೆ ಬಿದಿರಿನ ಸೀಳು ಅಷ್ಟೂ ಉಳಿದಿರುತ್ತದೆ, ಬುಟ್ಟಿ ಮಾತ್ರ ಇರುವುದಿಲ್ಲ. ಕಿಣ್ವಗಳು ಪ್ರೋಟೀನುಗಳೇ ಎಂದು ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಒಂದು ಜಾತಿಯ ಅವರೆಕಾಳಿನಿಂದ ಯೂರಿಯೇಸ್ ಕಿಣ್ವವನ್ನು ಹರಳುಗಟ್ಟಿಸಿ ತೋರಿಸಿದರು. ದೊಡ್ಡ ದೊಡ್ಡ ವಿಜ್ಞಾನಿಗಳು ವರ್ಷಗಟ್ಟಲೆ ನಂಬಲಿಲ್ಲ. ನೊಬೆಲ್ ಬಂದದ್ದು 1946ರಲ್ಲಿ.

ನನ್ನ ತಕರಾರು ಇರುವುದು ಎರಡನೇ ಬಟ್ಟಲಿನ ಬಗ್ಗೆಯೇ. ಶಾಲೆಗಳ ವಿಜ್ಞಾನ ಮೇಳಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ, ಫೋನಿನ ವಿಡಿಯೊಗಳಲ್ಲಿ 'ಅಡುಗೆಮನೆಯಲ್ಲಿ ವಿಜ್ಞಾನ' ಎಂದು ಎಷ್ಟೊಂದು ನಡೆಯುತ್ತದೆ. ನೊರೆ ಉಕ್ಕುತ್ತದೆ, ಬಣ್ಣ ಬದಲಾಗುತ್ತದೆ, ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಆದರೆ ಮೇಜಿನ ಮೇಲೆ ಇರುವುದು ಒಂದೇ ಬಟ್ಟಲು. ಒಂದೇ ಬಟ್ಟಲಿದ್ದರೆ ಅದು ಜಾದೂ. ಪಕ್ಕದಲ್ಲಿ ಒಂದೇ ಒಂದು ವ್ಯತ್ಯಾಸವಿರುವ ಇನ್ನೊಂದನ್ನು ಇಟ್ಟಾಗ, ಯಾವುದು ಏನಾದೀತು ಎಂದು ಮಗು ಮೊದಲೇ ಊಹಿಸಿ ಹೇಳಿದಾಗ, ಅದು ಪ್ರಯೋಗ. ಊಹೆ ತಪ್ಪಿದರೆ ಇನ್ನೂ ಒಳ್ಳೆಯದು.

ಅನಾನಸ್ ಮತ್ತು ಜೆಲ್ಲಿಯ ಪ್ರಯೋಗ ಹೊರದೇಶದ ಮಕ್ಕಳ ವಿಜ್ಞಾನ ಪುಸ್ತಕಗಳಲ್ಲಿ ತಪ್ಪದೆ ಇರುತ್ತದೆ. ಹಸಿ ಅನಾನಸ್ ತುಂಡು ಹಾಕಿದ ಜೆಲ್ಲಿ ಗಟ್ಟಿಯಾಗುವುದಿಲ್ಲ, ಡಬ್ಬಿಯ ಅನಾನಸ್ ಹಾಕಿದ್ದು ಗಟ್ಟಿಯಾಗುತ್ತದೆ. ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಜೆಲ್ಲಿಯ ಪ್ರೋಟೀನಾದ ಜಿಲೆಟಿನ್ನನ್ನು ತುಂಡರಿಸುತ್ತದೆ. ಡಬ್ಬಿ ತುಂಬುವಾಗ ಹಣ್ಣನ್ನು ಬಿಸಿ ಮಾಡುವುದರಿಂದ ಕಿಣ್ವ ಸತ್ತಿರುತ್ತದೆ. ಇದನ್ನು ಓದಿ ನಮ್ಮ ಶಿಕ್ಷಕಿಯೊಬ್ಬರು ತರಗತಿಯಲ್ಲಿ ಮಾಡಲು ಹೊರಟರೆ ಎಡವಟ್ಟಾಗುವ ಸಂಭವ ಹೆಚ್ಚು. ಯಾಕೆಂದರೆ ನಮ್ಮಲ್ಲಿ ಬಹಳ ಮನೆಗಳಲ್ಲಿ ಜೆಲ್ಲಿ ಎಂದರೆ ಚೈನಾ ಗ್ರಾಸ್. ಅದು ಕಡಲಪಾಚಿಯಿಂದ ಬರುವ, ಸಕ್ಕರೆಯ ಸರಪಳಿಗಳಿಂದಾದ ವಸ್ತು. ಅದರಲ್ಲಿ ಕತ್ತರಿಸಲು ಪ್ರೋಟೀನೇ ಇಲ್ಲ. ಹಸಿ ಅನಾನಸ್ ಹಾಕಿದರೂ ಅದು, ತುಸು ಮೆತ್ತಗಾದರೂ, ಗಟ್ಟಿಯಾಗುತ್ತದೆ. 'ಪ್ರಯೋಗ ಫೇಲಾಯಿತು' ಎಂದು ಎತ್ತಿಡುವ ಬದಲು ಅದನ್ನೇ ಎರಡನೇ ಬಟ್ಟಲು ಮಾಡಿಕೊಂಡರೆ ಮೂಲ ಪುಸ್ತಕದಲ್ಲಿ ಇಲ್ಲದ ಪಾಠವೊಂದು ಸಿಗುತ್ತದೆ: ಕಿಣ್ವ ಎದುರಿಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸುವುದಿಲ್ಲ, ತನ್ನದನ್ನು ಮಾತ್ರ ಗುರುತಿಸುತ್ತದೆ.

ಜಿಲೆಟಿನ್ ಬೇಕೆಂದರೆ ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬಂದದ್ದು ಎಂದು ಮಕ್ಕಳಿಗೆ, ಮನೆಯವರಿಗೆ ಮೊದಲೇ ಹೇಳಬೇಕಾಗುತ್ತದೆ. ಹೇಳಿದರೆ ಕಥೆಯೂ ಇದೆ. ಚರ್ಮ, ಮೂಳೆ, ಸ್ನಾಯುರಜ್ಜುಗಳ ಕೊಲಾಜೆನ್ ಎಂಬ ಪ್ರೋಟೀನು ಮೂರು ಎಳೆ ಹೊಸೆದ ಹುರಿ ಎಂದು 1954ರಲ್ಲಿ ಮದರಾಸಿನಲ್ಲಿ ಕಂಡುಹಿಡಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತಶಾಸ್ತ್ರದ ವಿಭಾಗವನ್ನೇ ಕಟ್ಟಿದರು. ಆ ಮೂರೆಳೆಯ ಹುರಿಯನ್ನು ಬೇಯಿಸಿ ಬಿಚ್ಚಿದರೆ ಸಿಗುವುದೇ ಜಿಲೆಟಿನ್.

ಇಷ್ಟೆಲ್ಲ ತಂಟೆ ಬೇಡ ಎನ್ನುವವರಿಗೆ ಮೊಸರೇ ಸಾಕು. ಹಸಿ ಅನಾನಸ್ ಹೆಚ್ಚಿ ಮೊಸರಿಗೆ ಹಾಕಿ ಒಂದೆರಡು ಗಂಟೆ ಬಿಟ್ಟು ರುಚಿ ನೋಡಿ, ಕಹಿ. ಪ್ರೋಟೀನು ತುಂಡಾದಾಗ ಹುಟ್ಟುವ ಕೆಲವು ಚೂರುಗಳು ನಾಲಿಗೆಗೆ ಕಹಿಯಾಗಿ ಹತ್ತುತ್ತವೆ. ಬೇಯಿಸಿದ ಅನಾನಸ್ ಹಾಕಿದ ಮೊಸರು ಕಹಿಯಾಗುವುದಿಲ್ಲ. ಕರಾವಳಿಯ ಅನಾನಸ್ ಮೆಣಸ್ಕಾಯಿ ಮಾಡುವವರಿಗೆ ಈ ತಾಪತ್ರಯವೇ ಇಲ್ಲ, ಅಲ್ಲಿ ಹಣ್ಣು ಬೆಂದಿರುತ್ತದೆ. ಕಾಯಿ ಪಪ್ಪಾಯದ ಹಾಲಿನಲ್ಲಿರುವ ಪಪೈನ್ ಕೂಡ ಇದೇ ಕುಲದ್ದು. ಮಾಂಸ ಮೆತ್ತಗಾಗಲು ಅದನ್ನು ಅರೆದು ಸವರುವುದು ಬಿರಿಯಾನಿ ಭಟ್ಟರಿಗೆಲ್ಲ ಗೊತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ರಾಗಿಯದು. ಅದು ವಿದೇಶಿ ಪುಸ್ತಕಗಳಲ್ಲಿ ಸಿಗುವುದು ಕಷ್ಟ, ಖರ್ಚೂ ಇಲ್ಲ.

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ ಬೀಸಿಕೊಳ್ಳಿ. ಎಳೆಗೂಸಿಗೆ ಮಣ್ಣಿ ಮಾಡಲು ಅಜ್ಜಿಯಂದಿರು ಮಾಡುತ್ತ ಬಂದದ್ದೇ ಇದು. ಜೊತೆಗೆ ಮೊಳಕೆ ಬರಿಸದ ಮಾಮೂಲಿ ರಾಗಿಹಿಟ್ಟು ಇರಲಿ. ಮಾಮೂಲಿ ಹಿಟ್ಟಿನಿಂದ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದ ಗಂಜಿ ಕಾಯಿಸಿ, ಸುಡುವ ಬಿಸಿ ಆರಿ ಬೆರಳಿಗೆ ತಡೆಯುವಷ್ಟಾದಾಗ ಎರಡು ಬಟ್ಟಲಿಗೆ ಹಂಚಿ. ಒಂದಕ್ಕೆ ಒಂದು ಚಮಚ ಮಾಮೂಲಿ ಹಿಟ್ಟು, ಇನ್ನೊಂದಕ್ಕೆ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ಚೆನ್ನಾಗಿ ಕಲಸಿ. ಹಿಟ್ಟು ಹಾಕಿದರೆ ಗಂಜಿ ಗಟ್ಟಿಯಾಗಬೇಕು ಎಂದು ಯಾವ ಮಗುವಾದರೂ ಹೇಳುತ್ತದೆ, ದೊಡ್ಡವರೂ ಹಾಗೇ ಹೇಳುತ್ತಾರೆ. ಮೊದಲ ಬಟ್ಟಲಿನಲ್ಲಿ ಹಾಗೇ ಆಗುತ್ತದೆ. ಎರಡನೆಯದು ಕಲಸುತ್ತ ಕಲಸುತ್ತ ನೋಡುನೋಡುತ್ತಿದ್ದಂತೆ ಸಡಿಲವಾಗಿ, ಕೆಲವೇ ನಿಮಿಷಗಳಲ್ಲಿ ಕುಡಿಯುವ ಹಾಗೆ ನೀರಾಗುತ್ತದೆ. ಒಂದು ಹನಿ ನೀರು ಹಾಕಿಲ್ಲ! ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ತುಸು ಸಿಹಿಯೂ ಆಗುತ್ತದೆ.

ಬೀಜ ಮೊಳೆಯುವಾಗ ಸಸಿಗೆ ಊಟ ಬೇಕು. ಊಟ ಪಿಷ್ಟದ ರೂಪದಲ್ಲಿ ಕಾಳಿನೊಳಗೆ ಗಂಟುಕಟ್ಟಿ ಕೂತಿರುತ್ತದೆ. ಅದನ್ನು ಒಡೆದು ಸಕ್ಕರೆ ಮಾಡಲು ಮೊಳಕೆ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ನಾವು ಅಲ್ಲಿಗೆ ನಿಲ್ಲಿಸಿ, ಒಣಗಿಸಿ, ಬೀಸಿ, ಆ ಕಿಣ್ವವನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುತ್ತೇವೆ. ಬೆಚ್ಚಗಿನ ಗಂಜಿಗೆ ಬಿದ್ದೊಡನೆ ಅದು ನೀರನ್ನು ಹಿಡಿದಿಟ್ಟ ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡು ಮಾಡುತ್ತದೆ. ಇಲ್ಲೂ ಮೂರನೇ ಬಟ್ಟಲೊಂದನ್ನು ಸೇರಿಸಬಹುದು: ಮೊಳಕೆ ಹಿಟ್ಟನ್ನೇ ನೀರಿನಲ್ಲಿ ಕುದಿಸಿ ಹಾಕುವುದು. ಆಗ ಗಂಜಿ ಕದಲುವುದಿಲ್ಲ. ಮೊಳಕೆ ರಾಗಿಯನ್ನು ಬಾಣಲೆಯಲ್ಲಿ ಘಮ್ಮೆನ್ನುವಂತೆ ಜೋರಾಗಿ ಹುರಿದು ಬೀಸಿದ ಹಿಟ್ಟಿನದೂ ಅದೇ ಪಾಡು. ಘಮ ಉಳಿಯುತ್ತದೆ, ಕಿಣ್ವ ಹೋಗಿರುತ್ತದೆ.

ಇದು ಬರೀ ಆಟದ ವಿಷಯವೂ ಅಲ್ಲ. ಕೂಸಿನ ಹೊಟ್ಟೆ ಸಣ್ಣದು. ಗಟ್ಟಿ ಗಂಜಿ ನುಂಗಲಾರದು ಎಂದು ನೀರು ಹಾಕಿ ತೆಳು ಮಾಡಿದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಾಲುವುದಿಲ್ಲ. ನೀರು ಹಾಕದೆ ತೆಳು ಮಾಡುವ ದಾರಿ ಮೊಳಕೆ ಹಿಟ್ಟು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ರಾಗಿ ಮೊಳಕೆಯ ಅಮೈಲೇಸ್ ಬಗ್ಗೆ, ಅದರಿಂದ ಮಕ್ಕಳ ಆಹಾರ ತಯಾರಿಸುವುದರ ಬಗ್ಗೆ ಸಾಕಷ್ಟು ಕೆಲಸ ಮಾಡಿದ್ದಾರೆ. ಇನ್ನೊಂದು ವಿಷಯ: ಕಿಣ್ವ ಎಂಬುದನ್ನು ಜಗತ್ತು ಮೊದಲು ಬೇರ್ಪಡಿಸಿ ನೋಡಿದ್ದೇ ಮೊಳಕೆ ಧಾನ್ಯದಲ್ಲಿ. 1833ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಮತ್ತು ಝಾನ್-ಫ್ರಾನ್ಸ್ವಾ ಪೆರ್ಸೊ ಮೊಳೆತ ಬಾರ್ಲಿಯ ರಸಕ್ಕೆ ಮದ್ಯಸಾರ ಸುರಿದು, ಕೆಳಗೆ ಕೂತ ಬಿಳಿ ವಸ್ತು ಪಿಷ್ಟವನ್ನು ಸಕ್ಕರೆ ಮಾಡುತ್ತದೆಂದು ಕಂಡು, ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಅವರದು ಬಾರ್ಲಿ, ನಮ್ಮದು ರಾಗಿ, ವಿದ್ಯೆ ಒಂದೇ.

ಮೊಳಕೆ ಹಿಟ್ಟು ಇಲ್ಲದಿದ್ದರೆ ಎಂಜಲು ಇದೆ. ಬಾಯಿಗಿಟ್ಟ ಚಮಚವನ್ನು ಮತ್ತೆ ಗಂಜಿಗೆ ಅದ್ದಿ ಕಲಸಿ ಬಿಟ್ಟರೆ ಅದೂ ನೀರಾಗುತ್ತದೆ. ನಮ್ಮ ಜೊಲ್ಲಿನಲ್ಲೂ ಅಮೈಲೇಸ್ ಇದೆ. ಎಂಜಲಿನ ಮಡಿಗೆ ಇದೇ ಕಾರಣ ಎಂದು ಹೇಳಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ದಯವಿಟ್ಟು ಹೇಳಬೇಡಿ. ಅಮೈಲೇಸ್ ಕಂಡುಕೊಂಡು ಯಾರೂ ಮಡಿ ಮಾಡಲಿಲ್ಲ, ಮಕ್ಕಳಿಗೆ ಆ ಬಗೆಯ ವಿಜ್ಞಾನ ಕಲಿಸದಿರುವುದೇ ಕ್ಷೇಮ.

ಬದನೆಕಾಯಿ ಹೆಚ್ಚಿ ನೀರಿಗೆ ಹಾಕುವುದು, ಬಾಳೆದಿಂಡು, ಬಾಳೆಹೂವನ್ನು ಮಜ್ಜಿಗೆ ನೀರಿಗೆ ಹಾಕುವುದು, ಇವೂ ಕಿಣ್ವದ ಪಾಠಗಳೇ. ಹೆಚ್ಚಿದ ಕಡೆ ಗಾಳಿ ತಗುಲಿದಾಗ ಅದನ್ನು ಕಪ್ಪಾಗಿಸುವ ಕಿಣ್ವಕ್ಕೆ ನೀರು ಗಾಳಿಯನ್ನು ತಡೆಯುತ್ತದೆ, ಮಜ್ಜಿಗೆಯ ಹುಳಿ ಕೆಲಸವನ್ನೇ ಮಂದ ಮಾಡುತ್ತದೆ. ಹಸಿ ಆಲೂಗಡ್ಡೆಯ ಚೂರಿನ ಮೇಲೆ, ಗಾಯ ತೊಳೆಯಲು ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ನೊರೆ ಏಳುತ್ತದೆ. ಬೇಯಿಸಿದ ಆಲೂಗಡ್ಡೆಯ ಮೇಲೆ ಏಳುವುದಿಲ್ಲ. ಕಿರಿದಾದ ಲೋಟದಲ್ಲಿ ಮಾಡಿ ನೊರೆಯ ಮೇಲಿನ ಗಾಳಿಗೆ ಕೆಂಡವಿರುವ ಊದಿನಕಡ್ಡಿ ಹಿಡಿದರೆ ಕೆಂಡ ಫಳ್ಳನೆ ಹೊಳೆಯುತ್ತದೆ, ಹೊರಬಂದದ್ದು ಆಮ್ಲಜನಕ ಎಂಬುದಕ್ಕೆ ಅದೇ ಸಾಕ್ಷಿ.

ಪ್ರೋಟೀನಿನ ಪಾಠಕ್ಕೆ ಎಲ್ಲರೂ ಮೊಟ್ಟೆ ಬೇಯಿಸುತ್ತಾರೆ. ಹಸು ಸಾಕಿದ ಮನೆ ಹತ್ತಿರವಿದ್ದರೆ ನಾನು ಗಿಣ್ಣು ಕಾಸಲು ಹೇಳುತ್ತೇನೆ. ಮಾಮೂಲಿ ಹಾಲನ್ನು ಎಷ್ಟು ಕುದಿಸಿದರೂ ಗಟ್ಟಿಯಾಗುವುದಿಲ್ಲ. ಕರು ಹಾಕಿದ ಹಸುವಿನ ಮೊದಲ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಹುಳಿಯೂ ಬೇಡ, ಹೆಪ್ಪೂ ಬೇಡ, ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಮಾಮೂಲಿ ಹಾಲಿನ ಪ್ರೋಟೀನಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಕೇಸಿನ್, ಅದು ಬಿಸಿಗೆ ಜಗ್ಗುವುದಿಲ್ಲ. ಗಿಣ್ಣದ ಹಾಲಿನಲ್ಲಿ ಪ್ರೋಟೀನಿನ ಪ್ರಮಾಣವೇ ಹಲವು ಪಟ್ಟು, ಅದರಲ್ಲೂ ಕರುವಿಗೆ ರೋಗ ತಡೆಯಲೆಂದು ತಾಯಿ ಕಳಿಸುವ ಪ್ರತಿಕಾಯಗಳು ತುಂಬಿರುತ್ತವೆ. ಇವು ಬಿಸಿಗೆ ಬಿಚ್ಚಿಕೊಂಡು ಒಂದಕ್ಕೊಂದು ತೊಡರಿ ಬಲೆಯಾಗುತ್ತವೆ, ನೀರು ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ಮೂರು ನಾಲ್ಕು ದಿನದ ಹಾಲಿನಲ್ಲಿ ಗಿಣ್ಣು ಯಾಕೆ ಸಡಿಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ದಿನಕ್ಕೊಂದು ಬಟ್ಟಲು ಕಾಸಿ ಸಾಲಾಗಿಟ್ಟರೆ ಹಸುವಿನ ಮೈಯಲ್ಲಿ ಆಗುತ್ತಿರುವ ಬದಲಾವಣೆಯೇ ಕಣ್ಣಿಗೆ ಕಾಣುತ್ತದೆ. ಮಕ್ಕಳು ಬಟ್ಟಲುಗಳನ್ನು ಅಲ್ಲಿಯವರೆಗೆ ಉಳಿಸಿದರೆ!

ಇನ್ನು ಡಿಎನ್‌ಎ. ಇಲ್ಲಿ ಸ್ವಲ್ಪ ಎಚ್ಚರ ಬೇಕು, ಯಾಕೆಂದರೆ ಅಡುಗೆಮನೆ ಪ್ರಯೋಗಗಳಲ್ಲಿ ಅತಿ ಹೆಚ್ಚು ಉತ್ಪ್ರೇಕ್ಷೆ ಆಗುವುದು ಇದರಲ್ಲೇ.

ಮಾಡುವ ವಿಧಾನ ಸುಲಭ. ಅರ್ಧ ಬಾಳೆಹಣ್ಣನ್ನು ನುಣ್ಣಗೆ ಕಿವುಚಿ. ಅರ್ಧ ಲೋಟ ನೀರಿಗೆ ಕಾಲು ಚಮಚ ಉಪ್ಪು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ನೊರೆ ಬಾರದಂತೆ ಹಣ್ಣಿಗೆ ಬೆರೆಸಿ ಹತ್ತು ನಿಮಿಷ ಬಿಡಿ. ತೆಳುವಾದ ಹತ್ತಿ ಬಟ್ಟೆಯಲ್ಲಿ ಶೋಧಿಸಿ. ಕಿರಿದಾದ ಗಾಜಿನ ಲೋಟದಲ್ಲಿ ಆ ತಿಳಿಯನ್ನು ತೆಗೆದುಕೊಂಡು, ಲೋಟ ಓರೆ ಮಾಡಿ, ಫ್ರಿಜ್‌ನಲ್ಲಿಟ್ಟು ತಣಿಸಿದ ಸರ್ಜಿಕಲ್ ಸ್ಪಿರಿಟ್ಟನ್ನು ಅಂಚಿನಿಂದ ನಿಧಾನ ಇಳಿಬಿಡಿ. ಸ್ಪಿರಿಟ್ ಮೇಲೆ ತೇಲುತ್ತದೆ. ಎರಡರ ನಡುವೆ ಬಿಳಿ ಎಳೆಗಳು ಮೂಡಿ ಮೇಲೇರುತ್ತವೆ. ಕಡ್ಡಿಯಲ್ಲಿ ಸುತ್ತಿ ಎತ್ತಬಹುದು. ಸ್ಪಿರಿಟ್‌ಗೆ ಬೆಂಕಿ ಬೇಗ ಹತ್ತುತ್ತದೆ. ಊದಿನಕಡ್ಡಿಯ ಪ್ರಯೋಗವನ್ನೂ ಇದನ್ನೂ ಒಂದೇ ದಿನ ಒಂದೇ ಮೇಜಿನ ಮೇಲೆ ಮಾಡಬಾರದು. ಇದರಲ್ಲಿ ಯಾವುದನ್ನೂ ನೆಕ್ಕಬಾರದು ಎಂದೂ ಹೇಳಬೇಕು, ಅದುವರೆಗಿನ ಬಹಳಷ್ಟು ಪ್ರಯೋಗಗಳನ್ನು ತಿಂದು ರೂಢಿಯಾಗಿರುತ್ತದೆ.

ಸೋಪು ಜೀವಕೋಶದ ಕೊಬ್ಬಿನ ಪೊರೆಯನ್ನು ಒಡೆಯುತ್ತದೆ. ಡಿಎನ್‌ಎ ಮೈತುಂಬ ಋಣ ವಿದ್ಯುದಂಶ ಇರುವುದರಿಂದ ಎಳೆಗಳು ಒಂದನ್ನೊಂದು ದೂಡುತ್ತವೆ. ಉಪ್ಪಿನ ಸೋಡಿಯಂ ಅದನ್ನು ತಗ್ಗಿಸಿ ಅವು ಹತ್ತಿರ ಬರುವಂತೆ ಮಾಡುತ್ತದೆ. ನೀರಿನಲ್ಲಿ ಕರಗುವ ಡಿಎನ್‌ಎ ಮದ್ಯಸಾರದಲ್ಲಿ ಕರಗದು, ಹಾಗಾಗಿ ಹೊರಬರುತ್ತದೆ. ಏಲಕ್ಕಿ ಬಾಳೆಯ ಪ್ರತಿ ಕೋಶದಲ್ಲಿ ವರ್ಣತಂತುಗಳ ಎರಡು ಸೆಟ್, ಪಚ್ಚಬಾಳೆಯಲ್ಲಿ ಮೂರು, ಅಂಗಡಿಯ ಸ್ಟ್ರಾಬೆರಿಯಲ್ಲಿ ಎಂಟು. ಸ್ಟ್ರಾಬೆರಿಯಲ್ಲಿ ಪ್ರಯೋಗ ಚೆನ್ನಾಗಿ ಬರುವುದಕ್ಕೆ ಅದೂ ಒಂದು ಕಾರಣ. ಈರುಳ್ಳಿಯಲ್ಲೂ ಮಾಡಬಹುದು, ಅದರ ಡಿಎನ್‌ಎ ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ಉದ್ದ. ಇದನ್ನು ಕೇಳಿದ ಮಗು 'ಹಾಗಾದರೆ ಈರುಳ್ಳಿ ನಮಗಿಂತ ಜಾಣವಾ?' ಎಂದು ಕೇಳಿದರೆ ನಗಬೇಡಿ. ಡಿಎನ್‌ಎಯಲ್ಲಿ ಇಷ್ಟೊಂದು ಭಾಗ ಯಾಕಿದೆ ಎಂದು ವಾದ ಮಾಡುವ ವಿಜ್ಞಾನಿಗಳು ಈಗಲೂ ಈರುಳ್ಳಿಯನ್ನೇ ಉದಾಹರಣೆ ಕೊಡುತ್ತಾರೆ.

ಆದರೆ 'ನೋಡಿ ಮಕ್ಕಳೇ, ಇದೇ ಡಿಎನ್‌ಎ' ಎಂದು ಕಡ್ಡಿ ಎತ್ತಿ ತೋರಿಸುವುದಿದೆಯಲ್ಲ, ಅಲ್ಲಿ ನಾನು ಕೈ ಅಡ್ಡ ಹಿಡಿಯುತ್ತೇನೆ. ಒಂದು ಡಿಎನ್‌ಎ ಎಳೆಯ ದಪ್ಪ ಮಿಲಿಮೀಟರಿನ ಐದು ಲಕ್ಷದಲ್ಲಿ ಒಂದು ಪಾಲು. ಕಾಣುತ್ತಿರುವುದು ಎಣಿಸಲಾರದಷ್ಟು ಎಳೆಗಳ ಮುದ್ದೆ. ಆ ಮುದ್ದೆಯೂ ಶುದ್ಧವಲ್ಲ. ಹಣ್ಣಿನ ಪೆಕ್ಟಿನ್ ಕೂಡ ಸ್ಪಿರಿಟ್‌ನಲ್ಲಿ ಬಿಳಿಯಾಗಿ ಹೊರಬರುತ್ತದೆ, ಬಾಳೆಹಣ್ಣಿನಲ್ಲಿ ಅದು ಧಾರಾಳ. ಪ್ರೋಟೀನೂ ಬರುತ್ತದೆ. ನಂಬಿಕೆ ಬಾರದಿದ್ದರೆ ಎರಡನೇ ಲೋಟದಲ್ಲಿ ಮೊಟ್ಟೆಯ ಬಿಳಿ ಲೋಳೆ ಹಾಕಿ ಅದರ ಮೇಲೂ ಸ್ಪಿರಿಟ್ ಸುರಿಯಿರಿ. ಡಿಎನ್‌ಎ ಇಲ್ಲವೆನ್ನುವಷ್ಟು ಕಡಿಮೆ ಇರುವ ಅದರಲ್ಲೂ ಬಿಳಿ ಎಳೆ, ಬಿಳಿ ಗಂಟು ಕಾಣುತ್ತದೆ. ಹಾಗಾದರೆ ಮೊದಲ ಲೋಟದಲ್ಲಿ ಡಿಎನ್‌ಎ ಇದೆ ಎಂದು ಹೇಗೆ ಹೇಳುವುದು?

ಈ ಪ್ರಶ್ನೆಯನ್ನು ಎದುರಿಸಿದ ಮೊದಲಿಗ ಫ್ರೀಡ್ರಿಕ್ ಮೀಷರ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನವನು, ವೈದ್ಯಕೀಯ ಓದಿದ್ದವನು, ಆಗ ವಯಸ್ಸು ಇಪ್ಪತ್ತೈದರ ಆಸುಪಾಸು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಫೆಲಿಕ್ಸ್ ಹೋಪ್-ಸೈಲರ್ ಬಳಿ ಕೆಲಸ ಕಲಿಯಲು ಹೋಗಿದ್ದ. ಅವನ ಪ್ರಯೋಗಾಲಯ ಇದ್ದದ್ದು ಅಲ್ಲಿನ ಹಳೆಯ ಕೋಟೆಯ ಅಡುಗೆಮನೆಯಲ್ಲಿ! ಕಚ್ಚಾವಸ್ತು ಮಾತ್ರ ಅಡುಗೆಮನೆಯದಲ್ಲ: ಶಸ್ತ್ರಚಿಕಿತ್ಸಾಲಯ ಎಸೆದ, ಕೀವು ಹತ್ತಿದ ಬ್ಯಾಂಡೇಜುಗಳು. ಅವುಗಳಿಂದ ಬಿಳಿರಕ್ತಕಣಗಳನ್ನು ತೊಳೆದು ತೆಗೆದ. ಹಂದಿಯ ಜಠರದಿಂದ ಪ್ರೋಟೀನು ಜೀರ್ಣಿಸುವ ಪೆಪ್ಸಿನ್ ಕಿಣ್ವವನ್ನು ತಾನೇ ತಯಾರಿಸಿಕೊಂಡು ಅದನ್ನು ಕೋಶಗಳ ಮೇಲೆ ಬಿಟ್ಟ. ಪ್ರೋಟೀನು ಕರಗಿಹೋಯಿತು, ಕೋಶಕೇಂದ್ರದ ಒಂದು ವಸ್ತು ಮಾತ್ರ ಜಗ್ಗಲಿಲ್ಲ. ರಾಸಾಯನಿಕವಾಗಿ ಪರೀಕ್ಷಿಸಿದರೆ ಅದರಲ್ಲಿ ರಂಜಕ ಯಥೇಚ್ಛ, ಪ್ರೋಟೀನಿನಲ್ಲಿ ಸಾಮಾನ್ಯವಾಗಿರುವ ಗಂಧಕ ಇಲ್ಲ. 1869ರಲ್ಲಿ ಅದಕ್ಕೆ ನ್ಯೂಕ್ಲಿನ್ ಎಂದು ಹೆಸರಿಟ್ಟ. ಅದೇ ಇಂದಿನ ಡಿಎನ್‌ಎ. ಗುರುವಿಗೆ ನಂಬಿಕೆ ಬರಲಿಲ್ಲ. ಹೋಪ್-ಸೈಲರ್ ಇಡೀ ಪ್ರಯೋಗವನ್ನು ತಾವೇ ಮತ್ತೆ ಮಾಡಿ ನೋಡಿ, ಆಮೇಲಷ್ಟೇ ತಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡಿದರು. ಅಷ್ಟರಲ್ಲಿ 1871 ಬಂದಿತ್ತು.

ಶಾಲೆಯಲ್ಲಿ ರಂಜಕ ಪರೀಕ್ಷೆ ಮಾಡಲು ಆಗದು, ಬೇಕಾಗಿಯೂ ಇಲ್ಲ. ಕಡ್ಡಿಗೆ ಸುತ್ತಿದ ಎಳೆಗಳನ್ನು ಪುಟ್ಟ ಸೀಸೆಯಲ್ಲಿ ಸ್ಪಿರಿಟ್ ಹಾಕಿಟ್ಟರೆ ಬಹಳ ದಿನ ಉಳಿಯುತ್ತದೆ, ಮಕ್ಕಳು ಮನೆಗೆ ಒಯ್ದು ತೋರಿಸಲು ಹಟ ಮಾಡುತ್ತಾರೆ. ಮುಚ್ಚಳ ಬಿಗಿ ಮಾಡಿ ಕೊಟ್ಟುಬಿಡಿ. ಚೀಟಿಯ ಮೇಲೆ ಮಾತ್ರ ಅವರ ಕೈಯಲ್ಲೇ ಹೀಗೆ ಬರೆಸಿ: 'ಪಚ್ಚಬಾಳೆ. ಡಿಎನ್‌ಎ, ಪೆಕ್ಟಿನ್, ಸ್ವಲ್ಪ ಪ್ರೋಟೀನು, ಯಾವುದು ಎಷ್ಟು ಗೊತ್ತಿಲ್ಲ.'